ನಾಯಿಗೆ ಒಣ ಆಹಾರವನ್ನು ಆರಿಸುವ ಕ್ರಮ

ಹೊಲ, ತೋಟ, ಕುರಿಹಟ್ಟಿಗಳ ಕಾವಲಿಗೆ ನಾಯಿಯನ್ನು ಸಾಕದ ಗ್ರಾಮವೇ ಇಲ್ಲವೆನ್ನಬಹುದು. ಆದರೆ ಹಸುವಿಗೆ ಹಿಂಡಿ ಬೂಸಗಳನ್ನು ಅಳೆದು ಹಾಕುವ ಮನೆಯಲ್ಲಿಯೂ ನಾಯಿಗೆ ಮಿಕ್ಕ ಅನ್ನ, ಮುದ್ದೆ, ಮಜ್ಜಿಗೆಗಳೇ ಗತಿಯಾಗಿರುವುವು. ತೋಳಕ್ಕಿಂತ ನಾಯಿಯು ಬೇಯಿಸಿದ ಧಾನ್ಯದ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳಬಲ್ಲುದೆಂಬುದು 2013ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ಸ್ಪಷ್ಟಪಟ್ಟಿದೆ. ಆದರೂ ಬರಿಯ ಮುದ್ದೆಯಿಂದ ಹೊಟ್ಟೆ ತುಂಬುವುದೇ ಹೊರತು ಮೈಕಟ್ಟಿಗೆ ಬೇಕಾದ ಪ್ರೋಟೀನು ಸಾಲದು. ಅದು ಕಾರಣ ಚೀಲಗಳಲ್ಲಿ ಬರುವ ಒಣ ಆಹಾರವನ್ನು ಹಳ್ಳಿಗಳಲ್ಲಿಯೂ ಕೊಳ್ಳುತ್ತಿರುವರು. ಚೀಲದ ಮೇಲಿನ ಚಿತ್ರವನ್ನು ನೋಡಿ ಇದನ್ನು ಕೊಳ್ಳುವುದು, ಕೊಂಬಿನ ಬಣ್ಣವನ್ನು ನೋಡಿ ಎತ್ತಿನ ಜೋಡಿಯನ್ನು ಕೊಂಡಂತೆಯೇ ಸರಿ.

ಮೊದಲು ನೋಡತಕ್ಕದ್ದು, ಅದು ಸಂಪೂರ್ಣ ಆಹಾರವೇ ಅಥವಾ ನಡುನಡುವೆ ಕೊಡುವ ತಿಂಡಿಯೇ ಎಂಬುದು. ಅನಂತರ, ಮರಿಗೋ ಬೆಳೆದ ನಾಯಿಗೋ ಎಂಬುದು. ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘದ ಪ್ರಮಾಣದಂತೆ, ತೇವವನ್ನು ಕಳೆದ ಲೆಕ್ಕದಲ್ಲಿ, ಬೆಳೆದ ನಾಯಿಗೆ ಶೇಕಡಾ 18 ಪ್ರೋಟೀನು ಮತ್ತು 5.5 ಕೊಬ್ಬು, ಮರಿಗೆ ಶೇಕಡಾ 22.5 ಮತ್ತು 8.5, ಕನಿಷ್ಠವಾಗಿ ಇರಬೇಕು. ಒಣ ಆಹಾರದಲ್ಲಿ ತೇವವು ಸಾಮಾನ್ಯವಾಗಿ ಶೇಕಡಾ 10ರಷ್ಟಿರುವುದು.

ಅಂಕಿಯೊಂದನ್ನೇ ನಂಬಲಾಗದು. ಗೊಬ್ಬರದಂತೆ ಇಲ್ಲಿಯೂ ಸಾರಜನಕವನ್ನು ಅಳೆದು ಪ್ರೋಟೀನನ್ನು ಗುಣಿಸಿ ಹೇಳುವ ರೂಢಿಯುಂಟು. 2007ರಲ್ಲಿ ಚೀನಾ ದೇಶದಿಂದ ಬಂದ ಗೋಧಿಯ ಪ್ರೋಟೀನಿಗೆ ಸಾರಜನಕ ಹೆಚ್ಚಾಗಿ ತೋರಲೆಂದು ಮೆಲಮೈನ್ ಬೆರೆಸಿದ್ದುದರಿಂದ, ಅಮೆರಿಕದಲ್ಲಿ ಅನೇಕ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆದುದರಿಂದ ಪದಾರ್ಥಗಳ ಪಟ್ಟಿಯನ್ನೂ ಓದತಕ್ಕದ್ದು. ತೂಕದಲ್ಲಿ ಹೆಚ್ಚಾದುದನ್ನು ಮೊದಲು ಬರೆಯುವರು. ಹಸಿ ಮಾಂಸದಲ್ಲಿ ಬಹುಪಾಲು ನೀರೇ ಇರುವುದರಿಂದ, ಅದು ಮೊದಲಿದ್ದ ಮಾತ್ರಕ್ಕೆ ಹಿಗ್ಗಬೇಕಾಗಿಲ್ಲ; ಒಣಗಿಸಿದ ಮಾಂಸದ ಪುಡಿ ಎರಡನೆಯದಾಗಿದ್ದರೂ ಒಳ್ಳೆಯದೇ. ಧಾನ್ಯವಿಲ್ಲದ ಆಹಾರವೇ ಶ್ರೇಷ್ಠವೆಂಬ ಪ್ರಚಾರಕ್ಕೆ ಆಧಾರವು ಸಾಲದು.

ಮುಧೋಳದ ಬೇಟೆನಾಯಿಯಂತೆ ಎತ್ತರವಾಗುವ ಜಾತಿಗಳ ಮರಿಗಳಿಗೆ ಕಾಲು ಗಟ್ಟಿಯಾಗಲೆಂದು ಕೆಲವರು ಸಂಪೂರ್ಣ ಆಹಾರದ ಮೇಲೆ ಸುಣ್ಣಾಂಶದ ಪುಡಿಯನ್ನೂ ಬೆರೆಸುವರು. ಇದು ಸಲ್ಲದು. ಸುಣ್ಣಾಂಶವು ರಂಜಕಕ್ಕೆ ಸಮನಾಗಿ ಅಥವಾ ಎರಡರಷ್ಟರೊಳಗೆ ಇರಬೇಕು. ಅತಿಯಾದರೆ ದೊಡ್ಡ ಜಾತಿಯ ಮರಿಗಳ ಮೂಳೆಯೇ ಸೊಟ್ಟಗೆ ಬೆಳೆಯುವ ಸಂಭವವುಂಟು.

ಎಲ್ಲಕ್ಕಿಂತ ಮುಖ್ಯವಾದುದು ಬೂಷ್ಟು. ಒಣ ಆಹಾರದಲ್ಲಿ ಮುಸುಕಿನ ಜೋಳವು ಹೆಚ್ಚಾಗಿ ಸೇರುವುದು. ಸರಿಯಾಗಿ ಒಣಗದ ಜೋಳ, ಕಡಲೇಕಾಯಿಗಳಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೇಕಾಯಿ ಹಿಂಡಿಯನ್ನು ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದರ ಸ್ವರೂಪವು ತಿಳಿಯಿತು. ಸಾಧಾರಣ ಬೇಯಿಸುವಿಕೆಯಿಂದ ಈ ವಿಷವು ಪೂರ್ತಿಯಾಗಿ ನಾಶವಾಗದು; ಬೂಷ್ಟು ಕಣ್ಣಿಗೆ ಕಾಣದಿದ್ದರೂ ಇರಬಹುದು. ನಾಯಿಯ ಯಕೃತ್ತು ಬೇಗ ಕೆಡುವುದು. ಮೇವು ಬಿಟ್ಟು, ವಾಂತಿಮಾಡಿ, ಕಣ್ಣು ಒಸಡುಗಳು ಹಳದಿಯಾದರೆ, ಆ ಚೀಲವನ್ನು ನಿಲ್ಲಿಸಿ ಒಡನೆಯೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಆಹಾರದ ಮಾದರಿಯನ್ನೂ ಕೊಂಡೊಯ್ಯುವುದು ಮೇಲು. ಮಳೆಗಾಲದಲ್ಲಿ ಅಂಗಡಿಯ ತೆರೆದ ಮೂಟೆಯಿಂದ ಅಳೆದು ಕೊಡುವ ಆಹಾರವು ಎಷ್ಟು ಅಗ್ಗವಾದರೂ ಬೇಡ. ತಯಾರಾದ ದಿನಾಂಕವನ್ನು ನೋಡಿ, ಒಂದು ತಿಂಗಳೊಳಗೆ ಮುಗಿಯುವಷ್ಟು ಚೀಲವನ್ನೇ ಕೊಂಡು, ಬಾಯಿ ಬಿಗಿದು ಡಬ್ಬದಲ್ಲಿಟ್ಟು, ನೆಲದಿಂದ ಮೇಲೆ, ಕೀಟನಾಶಕಗಳಿಂದ ದೂರವಾಗಿ ಇಡಬೇಕು.

ಪ್ರಮಾಣದ ವಿಷಯ: 20 ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 1,050 ಕಿಲೋಕ್ಯಾಲರಿ ಶಕ್ತಿ ಬೇಕು. 100 ಗ್ರಾಮಿನಲ್ಲಿ 350 ಇರುವ ಆಹಾರವಾದರೆ 300 ಗ್ರಾಂ, ಎರಡು ಹೊತ್ತಿಗೆ ಹಂಚಿ. ಹಿಂಡಿನೊಡನೆ ದಿನವೆಲ್ಲಾ ತಿರುಗುವ ನಾಯಿಗೆ ಇನ್ನೂ ಹೆಚ್ಚು ಬೇಕು. ಕಟ್ಟಿಹಾಕಿದ ನಾಯಿಗೆ ಕಡಿಮೆ. ಮುದ್ದೆಯನ್ನೂ ಹಾಕುವವರು ಒಣ ಆಹಾರವನ್ನು ಅಷ್ಟಕ್ಕಷ್ಟೇ ತಗ್ಗಿಸಬೇಕು. ಕೈಯಾಡಿಸಿದರೆ ಪಕ್ಕೆಲುಬು ತಗಲುವಂತಿದ್ದರೆ ಮೈ ಸರಿಯಾಗಿದೆ. ಹೊಸ ಆಹಾರವನ್ನು ಹಳೆಯದರಲ್ಲಿ ಬೆರೆಸುತ್ತಾ ಒಂದು ವಾರದಲ್ಲಿ ರೂಢಿಮಾಡಬೇಕು. ಪಕ್ಕದಲ್ಲಿ ಶುದ್ಧವಾದ ನೀರು ಸದಾ ಇರಬೇಕು. ಒಣ ಆಹಾರವನ್ನು ನೆನೆಸುವುದಾದರೆ ಬಿಸಿನೀರು ಸಾಕು. ಸಾರನ್ನು ಸುರಿಯಬಾರದು, ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಕೆಡಿಸುವುವು.