ಹಡಗಿನ ಆರಾಮಕುರ್ಚಿ ಯಾರದು?

ಬಸ್ಸು ನಿಲ್ದಾಣಕ್ಕೆ ಬಂದು ಸರಿಯಾಗಿ ನಿಲ್ಲುವ ಮೊದಲೇ ಕಿಟಕಿಯ ಮೂಲಕ ಟವಲನ್ನೋ ಕರವಸ್ತ್ರವನ್ನೋ ಒಳಕ್ಕೆ ಹಾಕಿ ಸೀಟು ಹಿಡಿಯುವ ಪದ್ಧತಿ ನಮ್ಮ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಕಾಲೇಜಿನ ವಾಚನಾಲಯದಲ್ಲಿ ಮೇಜಿನ ಮೇಲೆ ಒಂದು ಪುಸ್ತಕವನ್ನಿಟ್ಟು ಊಟಕ್ಕೆ ಹೋಗುವುದೂ ಇದರ ಇನ್ನೊಂದು ರೂಪವೇ. ಟವಲಿಗೆ ಮೈಬಲವಿಲ್ಲ, ಪುಸ್ತಕಕ್ಕೆ ಬಾಯಿಲ್ಲ. ಆದರೂ ಬರುವವರನ್ನು ತಡೆದು ನಿಲ್ಲಿಸುವ ಶಕ್ತಿ ಅವಕ್ಕೆ ಎಲ್ಲಿಂದ ಬಂದಿತು? ಎಲ್ಲರಿಗೂ ಸೇರಿದ ವಸ್ತು ಒಬ್ಬನ ಸ್ವತ್ತಾಗಿ ಮಾರ್ಪಡುವುದು ಹೇಗೆ? ಈ ಪ್ರಶ್ನೆಯನ್ನು ಪರಿಶೀಲಿಸಲು ಬಲು ಅನುಕೂಲವಾದ ಪ್ರಯೋಗಶಾಲೆಯೊಂದು ಸಮುದ್ರದ ಮೇಲೆ ತೇಲುತ್ತಿದೆ. ಅದೇ ವಿಹಾರನೌಕೆ.

ಭೌತವಿಜ್ಞಾನಿಯು ಅನಿಲದ ಗುಣಗಳನ್ನು ಅಭ್ಯಾಸಮಾಡುವಾಗ ಅದನ್ನು ಮುಚ್ಚಿದ ಪಾತ್ರೆಯಲ್ಲಿರಿಸುತ್ತಾನಷ್ಟೆ. ಹಡಗೂ ಅಂಥದೊಂದು ಮುಚ್ಚಿದ ಪಾತ್ರೆ. ಒಂದು ಬಂದರಿನಿಂದ ಇನ್ನೊಂದು ಬಂದರಿನವರೆಗೆ ಯಾರೂ ಒಳಗೆ ಬರುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ. ಯಾತ್ರಿಕರ ಸಂಖ್ಯೆ ಗೊತ್ತು, ಈಜುಕೊಳದ ಸುತ್ತಲಿರುವ ಆರಾಮಕುರ್ಚಿಗಳ ಸಂಖ್ಯೆಯೂ ಗೊತ್ತು. 2024ರ ಜನವರಿಯಲ್ಲಿ ಮೊದಲ ಯಾತ್ರೆ ಕೈಗೊಂಡ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿನಲ್ಲಿ ಕೊಠಡಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಯಾತ್ರಿಕರಿಗೆ ಸ್ಥಳವಿದೆ. ಪೂರ್ತಿ ತುಂಬಿದಾಗ ಸುಮಾರು 7,600 ಮಂದಿ. ಅದರ ಈಜುಕೊಳಗಳು ಏಳು. ಇಂಥ ಹಡಗುಗಳ ಮೇಲೆ ಬಿಸಿಲು ಬೀಳುವ ಮೊದಲೇ ಕೆಲವರು ಎದ್ದು ಬಂದು, ಕುರ್ಚಿಗಳ ಮೇಲೆ ಟವಲು, ಪುಸ್ತಕ, ಚಪ್ಪಲಿಗಳನ್ನಿಟ್ಟು, ಮತ್ತೆ ಹೋಗಿ ಮಲಗುವುದುಂಟು. ಉಳಿದವರು ಬಂದು ನೋಡುವಾಗ ಕುರ್ಚಿಗಳೆಲ್ಲ ‘ಭರ್ತಿ’. ಕುಳಿತವರು ಮಾತ್ರ ಕೆಲವರೇ. ವಿಹಾರನೌಕೆಗಳಲ್ಲಿ ಇದರಷ್ಟು ಮನಸ್ತಾಪ ತರುವ ಸಂಗತಿಗಳು ವಿರಳ.

ಬಾಡಿಗೆಯ ಕುರ್ಚಿ

ಹಿಂದಿನ ಕಾಲದ ಹಡಗುಗಳಲ್ಲಿ ಈ ಸಮಸ್ಯೆಗೆ ಬೇರೊಂದು ಪರಿಹಾರವಿದ್ದಿತು. ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ದೊಡ್ಡ ಹಡಗುಗಳಲ್ಲಿ ಡೆಕ್ಕಿನ ಕುರ್ಚಿಯನ್ನು ಬಾಡಿಗೆಗೆ ಕೊಡುತ್ತಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಒಂದು ಯಾತ್ರೆಗೆ ಕುರ್ಚಿಯ ಬಾಡಿಗೆ 4 ಷಿಲಿಂಗ್. ಹಣ ಕೊಟ್ಟವನಿಗೆ ಆ ಕುರ್ಚಿ ಯಾತ್ರೆ ಮುಗಿಯುವವರೆಗೂ ಮೀಸಲು. ಅವನು ಕುಳಿತಿರಲಿ, ಬಿಟ್ಟಿರಲಿ, ಅದು ಅವನದೇ. ಇದರಲ್ಲಿ ಜಗಳಕ್ಕೆ ಆಸ್ಪದವಿಲ್ಲ. ಆದರೆ ಕುರ್ಚಿಯು ದಿನದ ಬಹುಭಾಗ ಬರಿದಾಗಿಯೇ ಇರುತ್ತದೆ ಎಂಬುದನ್ನು ನಾವು ಗಮನಿಸಬೇಕು. ಇಂದಿನ ವಿಹಾರನೌಕೆಗಳಲ್ಲಿ ಈಜುಕೊಳದ ಬಳಿಯ ಸಾಮಾನ್ಯ ಕುರ್ಚಿಗಳಿಗೆ ಬಾಡಿಗೆಯಿಲ್ಲ, ಬಂದವನು ಕುಳಿತುಕೊಳ್ಳಬಹುದು. ಬೆಲೆಯೆಂಬ ಕಾವಲುಗಾರನು ಹೋದಮೇಲೆ ಆ ಸ್ಥಾನವನ್ನು ಸಂಪ್ರದಾಯವೇ ತುಂಬಬೇಕಾಯಿತು.

ಒಂದು ಸಣ್ಣ ಲೆಕ್ಕ

ಕುರ್ಚಿಗಳು ನಿಜವಾಗಿಯೂ ಸಾಲವೆ? ಲೆಕ್ಕ ಹಾಕಿ ನೋಡೋಣ. 300 ಯಾತ್ರಿಕರೂ 100 ಕುರ್ಚಿಗಳೂ ಇರುವ ಒಂದು ಚಿಕ್ಕ ಹಡಗನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ 10 ಗಂಟೆಗಳ ಕಾಲ ಕುರ್ಚಿಗಳು ಉಪಯೋಗಕ್ಕೆ ಬರುತ್ತವೆ. ಪ್ರತಿಯೊಬ್ಬನಿಗೂ ದಿನಕ್ಕೆ 2 ಗಂಟೆ ಒರಗಿಕೊಳ್ಳುವ ಆಸೆ ಎಂದಿಟ್ಟುಕೊಳ್ಳೋಣ. 100 ಕುರ್ಚಿಗಳು 10 ಗಂಟೆಗಳಲ್ಲಿ ಒದಗಿಸುವುದು 1,000 ‘ಕುರ್ಚಿಗಂಟೆ’. ಜನರಿಗೆ ಬೇಕಾದುದು 300 × 2, ಎಂದರೆ 600 ಕುರ್ಚಿಗಂಟೆ ಮಾತ್ರ.

ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಬಹುದು. ಗಂಟೆಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ಒಬ್ಬೊಬ್ಬನೂ ಸರಾಸರಿ ಎಷ್ಟು ಹೊತ್ತು ಇರುತ್ತಾನೆ ಎಂಬುದರಿಂದ ಗುಣಿಸಿದರೆ, ಯಾವುದೇ ಕ್ಷಣದಲ್ಲಿ ಸರಾಸರಿ ಎಷ್ಟು ಮಂದಿ ಇರುವರೆಂಬುದು ದೊರೆಯುತ್ತದೆ. ಅಮೆರಿಕದ ಜಾನ್ ಲಿಟ್ಲ್ ಎಂಬವರು ಈ ಸೂತ್ರದ ಸಾಧನೆಯನ್ನು 1961ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯ ಹಾಸಿಗೆಗಳಿಗೂ ಟಿಕೆಟ್ಟಿನ ಸಾಲುಗಳಿಗೂ ಅನ್ವಯಿಸುವ ಈ ಸೂತ್ರ ನಮ್ಮ ಕುರ್ಚಿಗಳಿಗೂ ಅನ್ವಯಿಸುತ್ತದೆ. ಗಂಟೆಗೆ 30 ಮಂದಿ, ತಲೆಗೆ 2 ಗಂಟೆ. ಆದುದರಿಂದ ಸರಾಸರಿ 60 ಕುರ್ಚಿಗಳು ತುಂಬಿರುತ್ತವೆ, 40 ಬರಿದಾಗಿರುತ್ತವೆ. ನಡುಹಗಲಿನಲ್ಲಿ ಜನ ಹೆಚ್ಚುವುದು ನಿಜ. ಆದರೂ ಗಂಟೆಗೆ 45 ಮಂದಿಯಂತೆ ಬಂದಾಗ ತುಂಬುವ ಕುರ್ಚಿಗಳು 90 ಮಾತ್ರ.

ಈಗ ಎಲ್ಲ ಕುರ್ಚಿಗಳ ಮೇಲೂ ಬೆಳಗಿನ ಜಾವದಲ್ಲೇ ಟವಲು ಬಿದ್ದಿತೆನ್ನೋಣ. 100 ಮಂದಿಗೆ ಕುರ್ಚಿ ಸಿಕ್ಕಿತು. ಅವರು ಬಳಸುವುದು 200 ಕುರ್ಚಿಗಂಟೆ. ಉಳಿದ 800 ಕುರ್ಚಿಗಂಟೆಗಳನ್ನು ಬಳಸುವುದು ಟವಲು! ಮಿಕ್ಕ 200 ಮಂದಿ ನಿಂತೇ ಇರುತ್ತಾರೆ. ಕುರ್ಚಿಗಳ ಸಂಖ್ಯೆಯಲ್ಲಿ ಒಂದೂ ಕಡಮೆಯಾಗಲಿಲ್ಲ, ಜನರಲ್ಲಿ ಒಬ್ಬನೂ ಹೆಚ್ಚಾಗಲಿಲ್ಲ, ಆದರೂ ಅಭಾವವುಂಟಾಯಿತು. ಇಂಥ ಅಭಾವವನ್ನು ನಿಸರ್ಗವು ತಂದುದಲ್ಲ, ನಡತೆಯು ತಂದುದು.

ಎರಡು ತಗ್ಗುಗಳ ನಡುವೆ

ಹಾಗಾದರೆ ಬುದ್ಧಿವಂತರಾದ ಜನ ಹೀಗೇಕೆ ಮಾಡುತ್ತಾರೆ? ಅವರೆಲ್ಲ ಸ್ವಾರ್ಥಿಗಳೆಂದು ಹೇಳಿ ಸುಮ್ಮನಾಗುವುದು ಸುಲಭ. ಲೆಕ್ಕವನ್ನು ಮುಂದುವರಿಸಿದರೆ ಬೇರೊಂದು ಸಂಗತಿ ತಿಳಿದುಬರುತ್ತದೆ.

ಯಾರೂ ಟವಲು ಹಾಕದ ಹಡಗಿನಲ್ಲಿ, ನೀರಿಗಿಳಿದು ಮರಳಿ ಬಂದವನಿಗೆ ತನ್ನ ಕುರ್ಚಿ ಹೋಗಿದ್ದರೂ ಬೇರೊಂದು ಕುರ್ಚಿ ಕಾದಿರುತ್ತದೆ. ಅಂಥಲ್ಲಿ ನಸುಕಿನಲ್ಲೇ ಎದ್ದು ಟವಲು ಹಾಕುವುದು ವೃಥಾ ಶ್ರಮ. 10 ಮಂದಿ ಹಾಗೆ ಮಾಡಿದರೂ ತೊಂದರೆಯಿಲ್ಲ: ಉಳಿದ 290 ಮಂದಿಗೆ 90 ಕುರ್ಚಿಗಳಿವೆ, ಸರಾಸರಿ ತುಂಬುವುದು 58. ಆದರೆ ಟವಲು ಹಾಕುವವರು 50 ಮಂದಿಯಾದರೆ? ಉಳಿದ 250 ಮಂದಿಗೆ ಬೇಕಾದುದು 500 ಕುರ್ಚಿಗಂಟೆ. ಉಳಿದ 50 ಕುರ್ಚಿಗಳು ಕೊಡುವುದೂ ಸರಿಯಾಗಿ 500. ಒಂದು ಕುರ್ಚಿಯೂ ಬಿಡುವಾಗಿರುವುದಿಲ್ಲ. ಎದ್ದವನಿಗೆ ಮತ್ತೆ ಕುರ್ಚಿ ಸಿಕ್ಕುವ ಭರವಸೆಯಿಲ್ಲ. ಮರುದಿನ ಅವನೂ ಟವಲನ್ನು ಹಿಡಿದು ಬೇಗ ಬರುತ್ತಾನೆ. ಅವನನ್ನು ನೋಡಿ ಇನ್ನೊಬ್ಬನು ಇನ್ನೂ ಬೇಗ ಬರುತ್ತಾನೆ. ಆರು ಮಂದಿಯಲ್ಲಿ ಒಬ್ಬನು ಮಾಡಿದ ಕೆಲಸದಿಂದ ಉಳಿದ ಐವರ ನಡತೆಯೂ ಬದಲಾಗುತ್ತದೆ.

ಎರಡು ತಗ್ಗುಗಳೂ ಅವುಗಳ ನಡುವೆ ಒಂದು ದಿಣ್ಣೆಯೂ ಇರುವ ತಟ್ಟೆಯಲ್ಲಿ ಗೋಲಿಯೊಂದನ್ನು ಇಟ್ಟಂತೆ ಇದು. ಸ್ವಲ್ಪ ಅಲುಗಿಸಿದರೆ ಗೋಲಿ ತನ್ನ ತಗ್ಗಿಗೇ ಹಿಂದಿರುಗುತ್ತದೆ. ದಿಣ್ಣೆಯನ್ನು ದಾಟುವಷ್ಟು ನೂಕಿದರೆ ಎರಡನೆಯ ತಗ್ಗಿಗೆ ಉರುಳಿ ಅಲ್ಲಿಯೇ ನಿಲ್ಲುತ್ತದೆ. ಹಂಚಿಕೊಳ್ಳುವ ಹಡಗು ಒಂದು ಸ್ಥಿರಸ್ಥಿತಿ. ಹಿಡಿದಿಟ್ಟುಕೊಳ್ಳುವ ಹಡಗು ಇನ್ನೊಂದು. ಎರಡರಲ್ಲಿಯೂ ಇರುವವರು ಅದೇ ಮನುಷ್ಯರು.

ಪಾಪಿಟ್ಸರ ಹಡಗು

ಗೋಲಿಯು ದಿಣ್ಣೆಯನ್ನು ದಾಟಿದಮೇಲೆ ಏನಾಗುತ್ತದೆ? ಫ್ರೈಬುರ್ಗ್ ವಿಶ್ವವಿದ್ಯಾನಿಲಯದ ಜರ್ಮನ್ ಸಮಾಜಶಾಸ್ತ್ರಜ್ಞ ಹೈನ್ರಿಖ್ ಪಾಪಿಟ್ಸ್ (1925–2002) ಅಧಿಕಾರದ ಹುಟ್ಟನ್ನು ಕುರಿತು 1968ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಇದನ್ನೇ ದೃಷ್ಟಾಂತವಾಗಿ ಎತ್ತಿಕೊಂಡಿದ್ದಾರೆ. ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿ ಬಂದರಿನಿಂದ ಬಂದರಿಗೆ ಸಾಗುವ ಹಡಗು ಅದು. ಕುರ್ಚಿಗಳು ಯಾತ್ರಿಕರ ಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ. ಮೊದಲ ದಿನಗಳಲ್ಲಿ, ಎದ್ದವನ ಕುರ್ಚಿ ಎದ್ದ ಕ್ಷಣವೇ ಬಿಡುವಾದುದೆಂದು ಎಲ್ಲರೂ ತಿಳಿಯುತ್ತಿದ್ದರು. ಮೀಸಲಿನ ಗುರುತುಗಳಿಗೆ ಯಾವ ಮನ್ನಣೆಯೂ ಇರಲಿಲ್ಲ. ಯಾರಿಗೂ ಕೊರತೆಯಾಗಲಿಲ್ಲ.

ಒಂದು ಬಂದರಿನಲ್ಲಿ ಹೊಸಬರು ಹತ್ತಿದರು. ಅವರು ಕುರ್ಚಿಗಳನ್ನು ಹಿಡಿದು, ತಾವು ಎದ್ದು ಹೋದಾಗಲೂ ಅವು ತಮ್ಮವೇ ಎಂದು ಸಾರಿದರು. ಬರಿದಾದ ಕುರ್ಚಿಯ ಬಳಿಗೆ ಯಾರಾದರೂ ಬಂದರೆ, ಅದರ ಒಡೆಯನು ಅಲ್ಲಿಲ್ಲದಿದ್ದರೂ ಅಕ್ಕಪಕ್ಕದ ಒಡೆಯರು ಕೂಗಿ, ಕೈಬೀಸಿ ಹಿಮ್ಮೆಟ್ಟಿಸುತ್ತಿದ್ದರು. ಬರಬರುತ್ತ ಕುರ್ಚಿಗಳನ್ನು ಒತ್ತಾಗಿ ಸೇರಿಸಿ ಕೋಟೆಯಂತೆ ಮಾಡಿಕೊಂಡರು. ಕುರ್ಚಿಯಿಲ್ಲದವರ ಸಂಖ್ಯೆ ಎರಡರಷ್ಟಿದ್ದರೂ ಅವರಿಂದ ಏನೂ ಆಗಲಿಲ್ಲ.

ಏಕೆ? ಪಾಪಿಟ್ಸರ ಉತ್ತರ ಮನನಯೋಗ್ಯವಾದುದು. ಒಡೆಯರ ಹಿತ ಸ್ಪಷ್ಟವಾದುದು, ಈ ಕ್ಷಣದ್ದು: ನೆರೆಯವನ ಕುರ್ಚಿಯನ್ನು ಕಾಯುವವನು ತನ್ನದನ್ನೂ ಕಾದಂತಾಗುತ್ತದೆ. ಇಲ್ಲದವರಾದರೋ ಮೊದಲು ಒಂದು ಹೊಸ ವ್ಯವಸ್ಥೆಯನ್ನು ಊಹಿಸಿ, ಅದರ ಮೇಲೆ ಒಮ್ಮತಕ್ಕೆ ಬಂದು, ಒಬ್ಬರನ್ನೊಬ್ಬರು ನಂಬಿ ನಡೆಯಬೇಕು. ಗೆದ್ದಮೇಲೆ ಕುರ್ಚಿ ಯಾರಿಗೆಂಬುದು ಆಗಲೂ ತೀರ್ಮಾನವಾಗಿರುವುದಿಲ್ಲ. ಇಲ್ಲಿ ಗೆಲ್ಲುವುದು ಸಂಖ್ಯಾಬಲವಲ್ಲ, ಸಂಘಟನೆಯ ಸೌಲಭ್ಯ. ಇದಲ್ಲದೆ, ಒಡೆಯರು ಪರಸ್ಪರ ಹಕ್ಕನ್ನು ಒಪ್ಪಿಕೊಳ್ಳುವುದರಿಂದ ಹಿಡಿದಿಟ್ಟುಕೊಂಡುದು ನ್ಯಾಯದಂತೆಯೇ ಕಾಣತೊಡಗುತ್ತದೆ. ಕೊನೆಯ ಘಟ್ಟ ಇನ್ನೂ ಸ್ವಾರಸ್ಯಕರ. ಒಡೆಯರು ತಮ್ಮ ಕುರ್ಚಿಗಳನ್ನು ಕೆಲವರಿಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟು, ಪ್ರತಿಯಾಗಿ ಅವರಿಂದ ಕಾವಲಿನ ಕೆಲಸ ಮಾಡಿಸಿಕೊಳ್ಳುತ್ತಾರೆ. ಒಂದೇ ಬಗೆಯ ಯಾತ್ರಿಕರಿದ್ದ ಡೆಕ್ಕಿನ ಮೇಲೆ ಒಡೆಯರು, ಕಾವಲುಗಾರರು, ಇಲ್ಲದವರು ಎಂಬ ಮೂರು ವರ್ಗಗಳು ತಲೆದೋರುತ್ತವೆ.

ಬಿಸಿಲಿಗಾಗಿ ಚಿಟ್ಟೆಗಳ ಹೋರಾಟ

‘ಮೊದಲು ಬಂದವನಿಗೆ ಹಕ್ಕು’ ಎಂಬ ಭಾವನೆ ಮನುಷ್ಯನದೊಂದೇ ಅಲ್ಲ. ಆಕ್ಸ್‌ಫರ್ಡಿನ ಸಮೀಪದ ಕಾಡಿನಲ್ಲಿ ನಿಕ್ ಡೇವಿಸ್ ಎಂಬ ಪ್ರಾಣಿವಿಜ್ಞಾನಿ ಒಂದು ಜಾತಿಯ ಚಿಟ್ಟೆಗಳನ್ನು ಅಭ್ಯಾಸಮಾಡಿ 1978ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಮರಗಳ ನಡುವೆ ನೆಲದ ಮೇಲೆ ಬೀಳುವ ಬಿಸಿಲಿನ ತೇಪೆಗಳಿಗಾಗಿ ಈ ಜಾತಿಯ ಗಂಡುಚಿಟ್ಟೆಗಳು ಸೆಣಸುತ್ತವೆ. ತೇಪೆಯಲ್ಲಿರುವ ಚಿಟ್ಟೆಯೇ ಯಾವಾಗಲೂ ಗೆಲ್ಲುತ್ತಿದ್ದಿತು. ಹೊರಗಿನಿಂದ ಬಂದುದು ಬಹು ಬೇಗ ಹಿಂದಿರುಗುತ್ತಿದ್ದಿತು. ಆದರೆ ಡೇವಿಸರು ಒಡೆಯನನ್ನು ಬಲೆಯಲ್ಲಿ ಹಿಡಿದಿಟ್ಟು, ಇನ್ನೊಂದು ಚಿಟ್ಟೆ ಆ ಸ್ಥಳವನ್ನು ಸೇರಿದಮೇಲೆ ಬಿಟ್ಟರೆ, ಹಳೆಯ ಒಡೆಯನು ಸೋತು ಹೋಗುತ್ತಿದ್ದನು! ಎರಡು ಚಿಟ್ಟೆಗಳೂ ತಾನೇ ಒಡೆಯನೆಂಬಂತೆ ವರ್ತಿಸುವ ಸಂದರ್ಭವನ್ನು ಉಂಟುಮಾಡಿದಾಗ ಮಾತ್ರ ಸೆಣಸಾಟ ಬಹಳ ದೀರ್ಘವಾಯಿತು. ಬಿಸಿಲಿನಲ್ಲಿದ್ದ ಚಿಟ್ಟೆಯ ಮೈ ಬಿಸಿಯಾಗಿರುವುದೇ ಅದರ ಗೆಲುವಿಗೆ ಕಾರಣವೆಂದು 1998ರಲ್ಲಿ ಬೇರೆ ಸಂಶೋಧಕರು ವಾದಿಸಿದ್ದಾರೆ. ಆ ಚರ್ಚೆ ಏನೇ ಇರಲಿ, ಒಂದಂಶ ಸ್ಪಷ್ಟ. ಚಿಟ್ಟೆಯ ಹಕ್ಕು ಅದು ಅಲ್ಲಿರುವವರೆಗೆ ಮಾತ್ರ. ತಾನಿಲ್ಲದಾಗ ತನ್ನ ಪರವಾಗಿ ನಿಲ್ಲುವ ಗುರುತನ್ನಿಡುವ ಉಪಾಯ ಅದಕ್ಕೆ ತಿಳಿಯದು. ಮನುಷ್ಯನಿಗೆ ತಿಳಿದಿದೆ. ಟವಲಿನವನೊಬ್ಬ, ಬರಿದಾದ ಕುರ್ಚಿಯಲ್ಲಿ ಕುಳಿತವನೊಬ್ಬ, ಇಬ್ಬರೂ ತಾವೇ ಒಡೆಯರೆಂದು ಪ್ರಾಮಾಣಿಕವಾಗಿ ನಂಬಿದಾಗ ಡೆಕ್ಕಿನ ಮೇಲೆಯೂ ದೀರ್ಘವಾದ ಜಗಳ ಹುಟ್ಟುತ್ತದೆ.

ನಿಯಮವೂ ಕಾವಲೂ

ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗುವುದೇ ಅದರ ವಿಧಿ ಎಂಬರ್ಥದ ಪ್ರಸಿದ್ಧ ಲೇಖನವನ್ನು ಗ್ಯಾರೆಟ್ ಹಾರ್ಡಿನ್ ಬರೆದುದೂ 1968ರಲ್ಲಿಯೇ. ಇದಕ್ಕೆ ಸಮರ್ಥವಾದ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಂ. ಹಳ್ಳಿಗಳ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಗಳನ್ನು ಜನರೇ ಕೂಡಿ ನೂರಾರು ವರ್ಷಗಳಿಂದ ಕಾಪಾಡಿಕೊಂಡು ಬಂದಿರುವ ನಿದರ್ಶನಗಳನ್ನು ಸಂಗ್ರಹಿಸಿ 1990ರಲ್ಲಿ ಅವರು ಗ್ರಂಥವೊಂದನ್ನು ಪ್ರಕಟಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಮೊದಲ ಮಹಿಳೆಯಾದರು. ಸ್ಪಷ್ಟವಾದ ನಿಯಮ, ಅದು ನಡೆಯುತ್ತಿದೆಯೆ ಎಂದು ನೋಡುವ ಕಣ್ಣು, ತಪ್ಪಿಗೆ ತಕ್ಕಂತೆ ಮೆಲ್ಲಮೆಲ್ಲನೆ ಏರುವ ದಂಡನೆ, ಇವು ಇದ್ದೆಡೆ ಸಾಮಾನ್ಯ ಸ್ವತ್ತು ಉಳಿಯುತ್ತದೆ ಎಂಬುದು ಅವರು ಕಂಡುಕೊಂಡ ತತ್ತ್ವಗಳಲ್ಲಿ ಮುಖ್ಯವಾದುದು.

ಹಲವು ಹಡಗು ಕಂಪನಿಗಳು ಅನುಸರಿಸುವ ಕ್ರಮ ಇದಕ್ಕೆ ಹೊಂದುತ್ತದೆ. ಜನರಿಲ್ಲದ ಕುರ್ಚಿಯ ಮೇಲೆ ಸಿಬ್ಬಂದಿಯವರು ವೇಳೆಯನ್ನು ಬರೆದ ಚೀಟಿಯನ್ನು ಇಡುತ್ತಾರೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದರೂ ಯಾರೂ ಬಾರದಿದ್ದರೆ ಸಾಮಾನನ್ನು ತೆಗೆದು ಜೋಪಾನವಾಗಿ ಬೇರೆಡೆ ಇಡುತ್ತಾರೆ. ಈ ಅವಧಿ ಮನಬಂದಂತೆ ಆರಿಸಿದುದೆ? ನಮ್ಮ ಲೆಕ್ಕದ ಹಡಗಿನಲ್ಲಿ ಪ್ರತಿಯೊಬ್ಬನಿಗೂ ಅರ್ಧ ಗಂಟೆಯ ರಿಯಾಯಿತಿ ಕೊಟ್ಟರೆ ಬೇಕಾಗುವುದು 750 ಕುರ್ಚಿಗಂಟೆ; 1,000ದೊಳಗೆ ಸುಖವಾಗಿ ಹಿಡಿಸುತ್ತದೆ. ಒಂದು ಗಂಟೆ ಕೊಟ್ಟರೆ 900; ಜನಸಂದಣಿಯ ಏರಿಳಿತಕ್ಕೆ ಎಡೆ ಉಳಿಯುವುದು ಕಷ್ಟ. ಎರಡು ಗಂಟೆ ಕೊಟ್ಟರೆ 1,200, ವ್ಯವಸ್ಥೆಯೇ ಮುರಿಯುತ್ತದೆ. ಹೀಗೆ ನೀರಿಗಿಳಿದು ಬರುವವನಿಗೆ ದಾಕ್ಷಿಣ್ಯ ತೋರಿಸಬಹುದು, ಊಟ ಮುಗಿಸಿ ನಿದ್ರೆಮಾಡಿ ಬರುವವನಿಗೆ ತೋರಿಸಲಾಗದು ಎಂಬ ಶಿಷ್ಟಾಚಾರಕ್ಕೆ ಗಣಿತದ ಆಧಾರವಿದೆ.

ನಿಯಮವಿದ್ದರೆ ಸಾಲದು, ಅದನ್ನು ನಡೆಸಲೂ ಬೇಕು. ಗ್ರೀಸಿನ ರೋಡ್ಸ್ ದ್ವೀಪದ ಹೋಟೆಲೊಂದರಲ್ಲಿ ಇಂಥ 30 ನಿಮಿಷದ ನಿಯಮವಿದ್ದರೂ ಕುರ್ಚಿಗಳೆಲ್ಲ ಟವಲುಗಳ ಪಾಲಾಗಿದ್ದವು. ಯಾತ್ರಿಕರೊಬ್ಬರು ಜರ್ಮನಿಯ ಹನೋವರ್ ನ್ಯಾಯಾಲಯದ ಮೊರೆಹೊಕ್ಕಾಗ, ಪ್ರವಾಸವನ್ನು ಏರ್ಪಡಿಸಿದವರು ಸುಮಾರು 320 ಯೂರೋಗಳನ್ನು ಹಿಂದಿರುಗಿಸಬೇಕೆಂದು 2023ರಲ್ಲಿ ತೀರ್ಪಾಯಿತು.

ಕಾವಲುಗಾರನಿಲ್ಲದ ಸಾರ್ವಜನಿಕ ಸ್ಥಳಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅಂಥಲ್ಲಿ ನಾವು ನೆನಪಿಡಬೇಕಾದ ಮಾತು ಚಿಕ್ಕದು. ನಾವು ಇರುವಷ್ಟು ಹೊತ್ತು ಸ್ಥಳ ನಮ್ಮದು. ಬೇಗ ಮರಳುವುದಾದರೆ ಗುರುತಿಡಬಹುದು. ಇನ್ನೂ ಬಾರದವರಿಗಾಗಿ ಸಾಲುಸಾಲಾಗಿ ಹಿಡಿದಿಡಲಾಗದು. ತನ್ನೊಬ್ಬನ ಟವಲಿನಿಂದ ಏನಾದೀತೆಂದು ಪ್ರತಿಯೊಬ್ಬನೂ ಭಾವಿಸುವುದು ಸಹಜ. ಆದರೆ ಐವತ್ತನೆಯ ಟವಲನ್ನು ಹಾಕುವವನಿಗೆ ತನ್ನದು ಐವತ್ತನೆಯದೆಂದು ತಿಳಿದಿರುವುದಿಲ್ಲ.