ಕೊಲೆಸ್ಟರಾಲ್ ಮಾತ್ರೆ: ಕಾಲುನೋವಿಗೆ ಹೆದರಿ ಹೃದಯವನ್ನು ಮರೆಯದಿರೋಣ



ಹೃದಯಾಘಾತದ ಸುದ್ದಿ ಹಬ್ಬಿದಾಗಲೆಲ್ಲ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹಾಗೆಯೇ ಆಯಿತು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗಲೂ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಲ್ಲಿ ಜನ ತುಂಬಿದರು. ಹೀಗೆ ತಪಾಸಣೆಗೆ ಹೋದವರಲ್ಲಿ ಅನೇಕರು ಅಟೋರ್ವಸ್ಟಾಟಿನ್ ಅಥವಾ ರೋಸುವಸ್ಟಾಟಿನ್ ಎಂದು ಬರೆದ ಚೀಟಿ ಹಿಡಿದು ಮನೆಗೆ ಬರುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ವಿಚಾರಿಸಿದರೆ, "ಕಾಲು ನೋಯುತ್ತಿತ್ತು, ಬಿಟ್ಟೆ", "ಸಕ್ಕರೆ ಕಾಯಿಲೆ ಬರುತ್ತದಂತೆ", "ಲಿವರ್ ಹಾಳಾಗುತ್ತದಂತೆ" ಎಂಬ ಉತ್ತರ ಸಿಗುತ್ತದೆ.

ಈ ಭಯಗಳು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆದ್ದರಿಂದ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಏನಿದೆ ಎಂದು ನೋಡೋಣ.

ಮಾತ್ರೆ ಮಾಡುವ ಕೆಲಸವೇನು?

ನಮ್ಮ ದೇಹಕ್ಕೆ ಬೇಕಾದ ಕೊಲೆಸ್ಟರಾಲ್‌ನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲ್ ಹೆಚ್ಚಾದರೆ ಅದು ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಶೇಖರವಾಗುತ್ತದೆ. ಒಂದು ದಿನ ಆ ಗಡ್ಡೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿದರೆ ಅದೇ ಹೃದಯಾಘಾತ. ಸ್ಟಾಟಿನ್ ಮಾತ್ರೆ ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಕೊರತೆ ತುಂಬಿಕೊಳ್ಳಲು ಯಕೃತ್ತು ರಕ್ತದಲ್ಲಿರುವ ಎಲ್.ಡಿ.ಎಲ್. ಅನ್ನು ಎಳೆದುಕೊಳ್ಳುತ್ತದೆ.

ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಮೊದಲ ಸ್ಟಾಟಿನ್ ಕಂಡುಹಿಡಿದರು. 1987ರಲ್ಲಿ ಲೋವಸ್ಟಾಟಿನ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು. ಹೃದ್ರೋಗವಿದ್ದ 4,444 ಮಂದಿಯ ಮೇಲೆ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಸಿಮ್ವಸ್ಟಾಟಿನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇಕಡಾ 30ರಷ್ಟು ಕಡಿಮೆಯಾಗಿತ್ತು.

ಲಾಭದ ತಟ್ಟೆ

ಲಾಭ ಎಲ್ಲರಿಗೂ ಒಂದೇ ಅಲ್ಲ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಲೆಕ್ಕ ಕೊಟ್ಟಿತು. ಎಲ್.ಡಿ.ಎಲ್. ಸುಮಾರು 77 ಮಿಲಿಗ್ರಾಂನಷ್ಟು ಇಳಿಯುವಂತೆ 10,000 ಮಂದಿಗೆ ಐದು ವರ್ಷ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ? ಅವರೆಲ್ಲ ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಕಂಡವರಾದರೆ ಸುಮಾರು 1,000 ಮಂದಿ ಮತ್ತೊಂದು ಆಘಾತದಿಂದ ಪಾರಾಗುತ್ತಾರೆ. ಇನ್ನೂ ಕಾಯಿಲೆ ಬಾರದ, ಆದರೆ ಅಪಾಯ ಹೆಚ್ಚಿರುವವರಾದರೆ ಸುಮಾರು 500 ಮಂದಿ. ಅಪಾಯ ತೀರಾ ಕಡಿಮೆ ಇರುವವರಿಗೆ ಲಾಭವೂ ಅಷ್ಟೇ ಕಡಿಮೆ.

ನಷ್ಟದ ತಟ್ಟೆ

ಅದೇ 10,000 ಮಂದಿಯಲ್ಲಿ ಸ್ನಾಯುಗಳಿಗೆ ಗಂಭೀರ ಹಾನಿಯಾಗುವುದು ಸುಮಾರು 5 ಮಂದಿಗೆ. ಹೊಸದಾಗಿ ಮಧುಮೇಹ ಕಾಣಿಸುವುದು 50ರಿಂದ 100 ಮಂದಿಗೆ. ಇವರಲ್ಲಿ ಹೆಚ್ಚಿನವರು ಮೊದಲೇ ಸಕ್ಕರೆ ಅಂಚಿಗೆ ಬಂದವರು. ಮಾತ್ರೆಯ ಪ್ರಮಾಣ ಹೆಚ್ಚಿದಷ್ಟೂ ಈ ಸಾಧ್ಯತೆ ಹೆಚ್ಚು. ಮಿದುಳಿನ ರಕ್ತಸ್ರಾವ 5ರಿಂದ 10 ಮಂದಿಗೆ. ಯಕೃತ್ತಿನ ಪರೀಕ್ಷೆಯಲ್ಲಿ ಕೆಲವರಿಗೆ ಏರಿಕೆ ಕಾಣುತ್ತದಾದರೂ ಗಂಭೀರ ಹಾನಿ ಬಹಳ ಅಪರೂಪ.

ಹಾಗಾದರೆ ಮೈಕೈ ನೋವು? 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಸ್ಟಾಟಿನ್ ಪಡೆದ 100 ಮಂದಿಯಲ್ಲಿ ಸುಮಾರು 27 ಮಂದಿ ಸ್ನಾಯು ನೋವು ಅಥವಾ ನಿಶ್ಶಕ್ತಿ ಹೇಳಿಕೊಂಡರು. ಔಷಧವಿಲ್ಲದ ಪೊಳ್ಳು ಮಾತ್ರೆ ಪಡೆದವರಲ್ಲೂ ಸುಮಾರು 27 ಮಂದಿ ಅದನ್ನೇ ಹೇಳಿಕೊಂಡರು! ಔಷಧದಿಂದಲೇ ಬರುವ ನೋವು ಇದೆ. ಅದು ಹೆಚ್ಚಾಗಿ ಮೊದಲ ವರ್ಷದಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಮಾತ್ರೆಯ ತಲೆಗೆ ಕಟ್ಟಿದ ನೋವುಗಳಲ್ಲಿ ಹತ್ತಕ್ಕೆ ಒಂಬತ್ತು ಮಾತ್ರೆಯಿಂದ ಬಂದವಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜು 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ಅಡ್ಡ ಪರಿಣಾಮದಿಂದ ಮಾತ್ರೆ ಬಿಟ್ಟಿದ್ದ 60 ಮಂದಿಗೆ ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಪೊಳ್ಳು ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲದ ಖಾಲಿ ಶೀಶೆ, ಹೀಗೆ ಅದಲುಬದಲಾಗಿ ಕೊಡಲಾಯಿತು. ಪೊಳ್ಳು ಮಾತ್ರೆ ನುಂಗಿದ ತಿಂಗಳುಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ ತೊಂದರೆ ಕಾಣಿಸಿತು. ಅವರ ನೋವು ಸುಳ್ಳಾಗಿರಲಿಲ್ಲ. ಅದಕ್ಕೆ ಕಾರಣ ಮಾತ್ರೆಯೊಳಗಿನ ಔಷಧಕ್ಕಿಂತ ಹೆಚ್ಚಾಗಿ ಮಾತ್ರೆಯ ಬಗೆಗಿನ ಭಯವಾಗಿತ್ತು. ಫಲಿತಾಂಶ ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಸ್ಟಾಟಿನ್ ಆರಂಭಿಸಿದರು.

ವಡ್ಡುವಿನ ಒಂದು ಉದಾಹರಣೆ

ಈ ಲೆಕ್ಕ ದಿನನಿತ್ಯದ ಬದುಕಿನಲ್ಲಿ ಹೇಗೆ ಬರುತ್ತದೆ? ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಮೀಪದ ಊರು. ಕರಾವಳಿಯಿಂದ ಹೋಗಿ ಅಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ, ಐವತ್ತು ದಾಟಿದ ಒಬ್ಬರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಲಾಗಿದೆ ಎನ್ನೋಣ. ಪಾಳಿಯ ಕೆಲಸದಲ್ಲಿ ಎಂಟು ಗಂಟೆ ನಿಂತಿರಬೇಕು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್‌ನಲ್ಲಿ ಮೀನಖಂಡ ಹಿಡಿಯತೊಡಗುತ್ತದೆ. ಜೊತೆಯವರು, "ಅದು ಕೊಲೆಸ್ಟರಾಲ್ ಗುಳಿಗೆಯ ಕೆಲಸ, ಬಿಟ್ಟುಬಿಡಿ" ಎನ್ನುತ್ತಾರೆ.

ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು. ನೋವು ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಬಂತೇ, ಅಥವಾ ಎರಡು ವರ್ಷ ಸುಮ್ಮನಿದ್ದು ಈಗ ಬಂತೇ? ಎರಡೂ ತೊಡೆ, ಎರಡೂ ತೋಳುಗಳಲ್ಲಿ ಸಮನಾಗಿದೆಯೇ, ಅಥವಾ ಒಂದೇ ಮೊಣಕಾಲಿನಲ್ಲಿದೆಯೇ? ಬಿಸಿಲಿನಲ್ಲಿ ಬೆವರಿದಷ್ಟು ನೀರು ಕುಡಿದಿದ್ದಾರೆಯೇ? ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಗಳೂ ಮೈನೋವು ತರುತ್ತವೆ. ಇವರ ಮಟ್ಟಿಗೆ ನೋವಿನ ಕಾರಣ ಕೆಲಸ ಮತ್ತು ಬಿಸಿಲು ಇರಬಹುದು. ಆದರೆ ಸ್ಟೆಂಟ್ ಹಾಕಿಸಿಕೊಂಡವರಾದ್ದರಿಂದ ಮಾತ್ರೆ ಬಿಟ್ಟರೆ ಆಗುವ ನಷ್ಟ ಎಲ್ಲರಿಗಿಂತ ದೊಡ್ಡದು. ರಜೆಯಲ್ಲಿ ಊರಿಗೆ ಬಂದಾಗ ನೋಡೋಣ ಎಂದು ಮುಂದೂಡದೆ ಹೊಸಪೇಟೆ ಅಥವಾ ಬಳ್ಳಾರಿಯಲ್ಲೇ ವೈದ್ಯರನ್ನು ಕಾಣುವುದು ಒಳ್ಳೆಯದು.

ವೈದ್ಯರ ಬಳಿ ಏನು ಮಾಡಬಹುದು?

1. ರಕ್ತದಲ್ಲಿ ಸಿ.ಕೆ. ಪರೀಕ್ಷೆ ಮಾಡಿ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಯಬಹುದು.

2. ವೈದ್ಯರ ಸಲಹೆಯಂತೆ ಕೆಲವು ವಾರ ಮಾತ್ರೆ ನಿಲ್ಲಿಸಿ, ಮತ್ತೆ ಆರಂಭಿಸಿ ನೋಡಬಹುದು. ನಿಲ್ಲಿಸಿದರೂ ನೋವು ಹಾಗೆಯೇ ಇದ್ದರೆ ಕಾರಣ ಬೇರೆ.

3. ಪ್ರಮಾಣ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ದಿನ ಬಿಟ್ಟು ದಿನ ಕೊಡಬಹುದು.

4. ಆಗಲೂ ಸಹಿಸದವರಿಗೆ ಎಜೆಟಿಮೈಬ್, ಬೆಂಪೆಡೋಯಿಕ್ ಆಸಿಡ್ ಮಾತ್ರೆಗಳಿವೆ. ಚುಚ್ಚುಮದ್ದುಗಳೂ ಇವೆ, ಆದರೆ ಬಹಳ ದುಬಾರಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ತೀವ್ರ ಸ್ನಾಯುನೋವಿನೊಂದಿಗೆ ಕಡು ಕಂದು ಬಣ್ಣದ ಮೂತ್ರ, ಏಳಲಾಗದಷ್ಟು ನಿಶ್ಶಕ್ತಿ, ಕಣ್ಣು ಹಳದಿಯಾಗುವುದು. ಕ್ಲಾರಿತ್ರೋಮೈಸಿನ್‌ನಂತಹ ಕೆಲವು ಆ್ಯಂಟಿಬಯಾಟಿಕ್, ಕೆಲವು ಶಿಲೀಂಧ್ರ ಔಷಧಗಳು ಕೆಲವು ಸ್ಟಾಟಿನ್‌ಗಳ ಜೊತೆ ಸೇರಿದರೆ ಅಪಾಯ ಹೆಚ್ಚು. ಆದ್ದರಿಂದ ಬೇರೆ ಕಾಯಿಲೆಗೆ ಹೋದಾಗಲೂ ಹಳೆಯ ಚೀಟಿ ತೋರಿಸಬೇಕು. ಗರ್ಭಿಣಿಯರು, ಮಗುವಿನ ನಿರೀಕ್ಷೆಯಲ್ಲಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಯಾರು ಪ್ರಶ್ನೆ ಕೇಳಬಹುದು?

ಹೃದಯಾಘಾತ, ಸ್ಟೆಂಟ್, ಬೈಪಾಸ್ ಆದವರಿಗೆ ಉತ್ತರ ಹೆಚ್ಚು ಕಡಿಮೆ ಸ್ಪಷ್ಟ: ಮಾತ್ರೆ ಬೇಕು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಇಂತಹವರ ಎಲ್.ಡಿ.ಎಲ್. 55ಕ್ಕಿಂತ ಕೆಳಗಿರಬೇಕು. ಮಧುಮೇಹ, ರಕ್ತದೊತ್ತಡದಂತಹ ಹೆಚ್ಚಿನ ಅಪಾಯವಿದ್ದವರಲ್ಲಿ 70ಕ್ಕಿಂತ, ಉಳಿದವರಲ್ಲಿ 100ಕ್ಕಿಂತ ಕಡಿಮೆ ಇರಬೇಕು. ಆದರೆ ಬೇರೆ ತೊಂದರೆಯಿಲ್ಲದೆ ವರದಿಯಲ್ಲಿ ಅಂಕಿ ಮಾತ್ರ ಸ್ವಲ್ಪ ಏರಿದವರು ಮತ್ತು ಹೃದ್ರೋಗವಿಲ್ಲದ 75 ದಾಟಿದ ಹಿರಿಯರು, "ನನಗೆ ಇದರಿಂದ ಎಷ್ಟು ಲಾಭ?" ಎಂದು ವೈದ್ಯರನ್ನು ಕೇಳುವುದು ನ್ಯಾಯವೇ. ಅಂತಹವರಿಗೆ ಕೆಲವೊಮ್ಮೆ ನಡಿಗೆ, ತೂಕ ಇಳಿಸುವುದು, ತಂಬಾಕು ಬಿಡುವುದು ಮೊದಲ ಹೆಜ್ಜೆಯಾಗಬಹುದು. ವಡ್ಡುವಿನಲ್ಲಿದ್ದರೆ ಮಿರ್ಚಿ ಬಜ್ಜಿ, ಕರಾವಳಿಯಲ್ಲಿದ್ದರೆ ಹಂದಿ ಮಾಂಸದ ಕೊಬ್ಬು ಹಿತಮಿತವಾಗಿರಲಿ. ಮೀನು ತಿನ್ನಿ, ಆದರೆ ದಿನವೂ ಕರಿದು ತಿನ್ನಬೇಡಿ.

ಈ ಮಾತ್ರೆಯ ಕಷ್ಟವೆಂದರೆ ಅದರ ತೊಂದರೆ ಮೈಗೆ ಗೊತ್ತಾಗುತ್ತದೆ, ಅದರ ಲಾಭ ಗೊತ್ತಾಗುವುದಿಲ್ಲ. ಬಾರದೆ ಹೋದ ಹೃದಯಾಘಾತವನ್ನು ಯಾರೂ ಕಾಣಲಾರರು. ಹಾಗಾಗಿಯೇ ಜನ ಸುಲಭವಾಗಿ ಬಿಟ್ಟುಬಿಡುತ್ತಾರೆ. ವಾಳೆಯ ಗುರಿಕಾರರು, ರೋಗಿಗಳನ್ನು ಸಂದರ್ಶಿಸುವ ಕಾರ್ಯಕರ್ತರು "ಹೇಗಿದ್ದೀರಿ?" ಎಂದು ಕೇಳುವಾಗ "ಮಾತ್ರೆ ನಡೆಯುತ್ತಿದೆಯೇ?" ಎಂದೂ ಕೇಳಲಿ. ಬಿಟ್ಟಿದ್ದರೆ ಗದರಿಸಬೇಡಿ, ಕಾರಣ ಕೇಳಿ. ಕಾರಣ ಹಣವಾಗಿದ್ದರೆ ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಅಗ್ಗವಾಗಿ ಸಿಗುತ್ತದೆ ಎಂದು ತಿಳಿಸಿ. ಕಾರಣ ನೋವಾಗಿದ್ದರೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮಾತ್ರೆ ಮುಂದುವರಿಸಬೇಕೋ, ಬದಲಿಸಬೇಕೋ, ಬಿಡಬೇಕೋ ಎಂಬ ತೀರ್ಮಾನ ಅಲ್ಲಿಯೇ ಆಗಲಿ.