ಅದುರಿನ ಸರಪಣಿಯೂ ಹಣದ ಮುಗ್ಗಟ್ಟೂ

ಸಂಡೂರಿನ ಬೆಟ್ಟಗಳ ಕಬ್ಬಿಣದ ಅದುರಿಗೂ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೂ ನಡುವಣ ದೂರ ಸ್ವಲ್ಪವೇ. ಆ ಕಾರ್ಖಾನೆಯ ಸಮೀಪದಲ್ಲಿಯೇ ವಡ್ಡು ಗ್ರಾಮವಿರುವುದು. ಅದುರು ಇಷ್ಟು ಹತ್ತಿರವಿರುವಲ್ಲಿ ಸರಬರಾಯಿಗೆ ಭಯವಿಲ್ಲವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಕಳೆದ ಮೂರು ದಶಕಗಳ ವೃತ್ತಾಂತವು ಇದಕ್ಕೆ ವಿರುದ್ಧವಾಗಿದೆ.

ಹಣದ ಮುಗ್ಗಟ್ಟು ಇಂತಹ ಸರಪಣಿಯನ್ನು ಎರಡು ಬಾಗಿಲುಗಳಿಂದ ಪ್ರವೇಶಿಸುವುದು: ಒಂದು ಸಾಲ, ಮತ್ತೊಂದು ಬೇಡಿಕೆ. 1994ರಲ್ಲಿ ಸ್ಥಾಪಿತವಾದ ಜಿಂದಾಲ್ ವಿಜಯನಗರ ಸ್ಟೀಲ್ ಸಂಸ್ಥೆಯು ಕಾರ್ಖಾನೆಯನ್ನು ಕಟ್ಟುತ್ತಿದ್ದಾಗಲೇ 1997ರ ಏಷ್ಯದ ಮುಗ್ಗಟ್ಟು ತಲೆದೋರಿತು. ಉಕ್ಕಿನ ಬೆಲೆ ಇಳಿಯಿತು. ಸಾಲದ ಹೊರೆ ಇಳಿಯಲಿಲ್ಲ. ಕಡೆಗೆ ಸಾಲಗಳನ್ನು ಪುನರ್ವ್ಯವಸ್ಥೆಗೊಳಿಸಬೇಕಾಯಿತು. 2008ರಲ್ಲಿ ಮುಗ್ಗಟ್ಟು ಬಂದುದು ಬೇಡಿಕೆಯ ಬಾಗಿಲಿನಿಂದ. ಚೀನದ ಪೇಟೆಯಲ್ಲಿ ಆ ವರ್ಷದ ಆದಿಯಲ್ಲಿದ್ದ ಅದುರಿನ ಬೆಲೆಯು ವರ್ಷಾಂತ್ಯಕ್ಕೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬಂದರುಗಳಿಗೆ ಅದುರು ರವಾನಿಸುವ ವ್ಯಾಪಾರವನ್ನು ನಂಬಿ ಸಾಲದಲ್ಲಿ ಲಾರಿ ಕೊಂಡವನಿಗೆ, ಬಾಡಿಗೆ ನಿಂತರೂ ಕಂತು ನಿಲ್ಲದು.

ಮೂರನೆಯ ಪರೀಕ್ಷೆಯ ಮೂಲ ಹಣವಲ್ಲ, ಕಾನೂನು. ಅಕ್ರಮ ಗಣಿಗಾರಿಕೆಯೂ ಪರಿಸರಹಾನಿಯೂ ವಿಚಾರಣೆಗೆ ಬಂದು, 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಬೆಟ್ಟ ಕಣ್ಣೆದುರಿಗಿದ್ದರೂ ಕುಲುಮೆಗೆ ಅದುರು ಸಾಲದಾಯಿತು. ಸಾಮೀಪ್ಯವೇ ಭದ್ರತೆಯಲ್ಲವೆಂಬುದು ಆಗ ಸ್ಪಷ್ಟವಾಯಿತು.

ಆ ಅನುಭವದಿಂದ ಹೊರಟ ಉಪಾಯಗಳು ಹಣದ ಮುಗ್ಗಟ್ಟಿಗೂ ಸಲ್ಲುವುವು. ಕಡಮೆ ಸತ್ತ್ವದ ಅದುರನ್ನು ಸಂಸ್ಕರಿಸಿ ಬಳಸುವುದು, ಅನ್ಯ ಪ್ರಾಂತಗಳಿಂದ ತರಿಸುವುದು, ಸ್ವಂತ ಗಣಿಗಳನ್ನು ಪಡೆಯುವುದು ಇವೇ ಆ ಉಪಾಯಗಳು. 2016ರ ಹರಾಜಿನಲ್ಲಿ ಈ ಕಾರ್ಖಾನೆಗೆ ಇಂತಹ ಗಣಿಗಳು ದೊರೆತುವು. ಮೂಲಗಳು ಹಲವಾದಷ್ಟೂ, ದಾಸ್ತಾನು ಸಾಕಷ್ಟಿದ್ದಷ್ಟೂ, ಸಾಲವು ಆದಾಯಕ್ಕೆ ಮಿತವಾಗಿದ್ದಷ್ಟೂ ಆಘಾತವನ್ನು ತಡೆಯುವ ಶಕ್ತಿ ಹೆಚ್ಚುವುದು.

ಆದರೆ ಈ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಹೋಗದು. ದೊಡ್ಡ ಸಂಸ್ಥೆಯು ಸಾಲದ ಅವಧಿಯನ್ನು ಬ್ಯಾಂಕಿನೊಡನೆ ಚರ್ಚಿಸಿ ಮುಂದೂಡಬಲ್ಲುದು. ಒಂದೇ ಲಾರಿಯ ಒಡೆಯನಿಗೆ ಆ ಅನುಕೂಲ ದುರ್ಲಭ. ನಂದಿಹಳ್ಳಿಯ ಕಡೆಯಿಂದ ಅದುರನ್ನು ಸಾಗಿಸುವ ಯಾಂತ್ರಿಕ ಪಟ್ಟಿಯು ರಸ್ತೆಯ ಧೂಳನ್ನು ತಗ್ಗಿಸುವುದು, ಲಾರಿಯ ಕೆಲಸವನ್ನೂ ತಗ್ಗಿಸುವುದು. ಆದುದರಿಂದ ಸರಪಣಿಯ ದಾರ್ಢ್ಯವನ್ನು ಕುಲುಮೆಯ ಉರಿಯಿಂದ ಮಾತ್ರ ಅಳೆಯಲಾಗದು. ಅದನ್ನು ನಂಬಿದ ಮನೆಗಳ ಒಲೆಯ ಉರಿಯನ್ನೂ ಲೆಕ್ಕಕ್ಕೆ ತರಬೇಕಾಗುವುದು.